ಹೆರಿಗೆಗೆ ತವರಿಗೆ ಬರುವ ಚಿಟ್ಟೆ

ಚಿಟ್ಟೆ ನೋಡುವ, ಅದರ ಫೋಟೊ ತೆಗೆಯುವ ಹವ್ಯಾಸ ರೆಕ್ಕೆಯ ಬಣ್ಣದಿಂದ ಶುರುವಾಗುತ್ತದೆ. ಅದು ಬೇರು ಬಿಡುವುದು ಮಾತ್ರ ಎಲೆಯನ್ನು ತಿರುವಿ ನೋಡಲು ಕಲಿತ ಮೇಲೆ.

ಒಗ್ಗರಣೆಗೆ ಎಣ್ಣೆ ಕಾಯುತ್ತಿತ್ತು. ಕರಿಬೇವು ತರಲು ಹಿತ್ತಲಿಗೆ ಹೋದವನು ಒಂದು ಎಸಳಿಗೆ ಕೈ ಹಾಕಿ ತಟ್ಟನೆ ಹಿಂದೆಗೆದೆ. ಎಲೆಯ ನಡುವೆ ಹಕ್ಕಿಯ ಹಿಕ್ಕೆ. ಕಂದು ಬಣ್ಣ, ಮಧ್ಯೆ ಬಿಳಿ ಪಟ್ಟೆ, ಈಗಷ್ಟೇ ಬಿದ್ದಂತೆ ಹಸಿಹಸಿ ಹೊಳಪು. ಪಕ್ಕದ ಎಸಳನ್ನು ಮುರಿಯುವಷ್ಟರಲ್ಲಿ ಆ ಹಿಕ್ಕೆ ತಲೆಯೆತ್ತಿತು. ಎಲೆಯ ಅಂಚಿಗೆ ಬಾಯಿ ಹಚ್ಚಿ ಮೆಲ್ಲಗೆ ಕೊರೆಯತೊಡಗಿತು.

ಅಂದಿನಿಂದ ನನ್ನ ಬೆಳಗು ಆ ಗಿಡದ ಬುಡದಲ್ಲೇ ಶುರುವಾಯಿತು. ಹುಳು ಒಂದೆರಡು ದಿನ ತಿನ್ನುತ್ತಿತ್ತು, ಆಮೇಲೆ ಊಟ ಬಿಟ್ಟು ಎಲೆಗಂಟಿ ಕೂತುಬಿಡುತ್ತಿತ್ತು. ರಾಮನಗರ, ಕೋಲಾರದ ರೇಷ್ಮೆ ಬೆಳೆಗಾರರು ಇದನ್ನು ಹುಳುವಿಗೆ ‘ಜ್ವರ’ ಬಂತು ಅನ್ನುತ್ತಾರೆ. ಅದು ಕಾಯಿಲೆಯಲ್ಲ, ಹಳೆಯ ಚರ್ಮ ಕಳಚಿ ಹೊಸದಕ್ಕೆ ಸಿದ್ಧವಾಗುವ ಹೊತ್ತು. ನಾಲ್ಕನೇ ಜ್ವರ ಕಳೆದ ಬೆಳಿಗ್ಗೆ ಹಿಕ್ಕೆಯ ವೇಷ ಮಾಯವಾಗಿತ್ತು. ಅದರ ಜಾಗದಲ್ಲಿ ಎಲೆಗಿಂತಲೂ ಹಸಿರಾದ, ಬೆರಳು ಗಾತ್ರದ ಹುಳು. ಹೆಗಲ ಮೇಲೆ ಎರಡು ಕಣ್ಣಿನಂಥ ಗುರುತು. ಕಡ್ಡಿಯಿಂದ ಹಗುರವಾಗಿ ತಾಗಿಸಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದು ಹಾವಿನ ನಾಲಿಗೆಯಂತೆ ಹೊರಚಾಚಿ, ಸುತ್ತೆಲ್ಲ ಕಮಟು ವಾಸನೆ ಹರಡುತ್ತಿತ್ತು. ಇರುವೆ, ಕಣಜಗಳನ್ನು ಓಡಿಸಲು ಅದರ ಬಳಿ ಇರುವ ಆಯುಧ ಅದೊಂದೇ.

ಒಂದು ದಿನ ಅದು ತೆಳುವಾದ ರೇಷ್ಮೆಯ ಎಳೆಯನ್ನು ಸೊಂಟಕ್ಕೆ ಸುತ್ತಿಕೊಂಡು ಕಡ್ಡಿಗೆ ಒರಗಿತು. ತೆಂಗಿನ ಮರ ಹತ್ತುವವರು ಹಗ್ಗ ಕಟ್ಟಿಕೊಂಡು ಹಿಂದಕ್ಕೆ ಬಾಗಿ ನಿಲ್ಲುತ್ತಾರಲ್ಲ, ಹಾಗೆ. ಮರುದಿನ ಅಲ್ಲಿದ್ದದ್ದು ಹಸಿರು ಕೋಶ. ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕೋಶ ಬಿರಿದು, ಮುದುಡಿದ ಒದ್ದೆ ಬಟ್ಟೆಯಂಥ ಜೀವವೊಂದು ಹೊರಬಂತು. ಹೊಟ್ಟೆಯ ದ್ರವವನ್ನು ರೆಕ್ಕೆಯ ನರಗಳಿಗೆ ನೂಕುತ್ತ ನೂಕುತ್ತ ಅದನ್ನು ಹರವಿಕೊಂಡಿತು. ಕಪ್ಪು ರೆಕ್ಕೆ, ಹಿಂದಿನ ಜೋಡಿಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಕಾಮನ್ ಮಾರ್ಮನ್ ಗಂಡು. ನಮ್ಮ ಊರುಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಚಿಟ್ಟೆ ಬೆರಳೆಣಿಕೆಯಷ್ಟು. ಅದನ್ನು ಸಾವಿರ ಸಲ ನೋಡಿದ್ದೆ. ಒಮ್ಮೆಯೂ ಕಂಡಿರಲಿಲ್ಲ ಎಂಬುದು ಅಂದು ತಿಳಿಯಿತು.

ಕಾಲಲ್ಲಿ ರುಚಿ ನೋಡುವ ತಾಯಿ

ಚಿಟ್ಟೆ ಎಂದರೆ ನಮಗೆ ಹೂವು ನೆನಪಾಗುತ್ತದೆ. ಕ್ಯಾಲೆಂಡರಿನಲ್ಲಿ, ಸೀರೆಯ ಅಂಚಿನಲ್ಲಿ, ಮಕ್ಕಳ ಪುಸ್ತಕದಲ್ಲಿ ಎರಡೂ ಜೋಡಿಯಾಗಿಯೇ ಇರುತ್ತವೆ. ಆದರೆ ಚಿಟ್ಟೆಯ ಪಾಲಿಗೆ ಹೂವು ದಾರಿಬದಿಯ ಖಾನಾವಳಿ ಮಾತ್ರ. ಲಂಟಾನವಾದರೂ ಸರಿ, ಚೆಂಡುಹೂವಾದರೂ ಸರಿ, ಮಕರಂದವಿದ್ದಲ್ಲಿ ಕೂತು ಕುಡಿದು ಹೋಗುತ್ತದೆ. ಎಲೆಯ ವಿಷಯದಲ್ಲಿ ಹಾಗಲ್ಲ. ಮೊಟ್ಟೆಯಿಡುವ ಹೆಣ್ಣಿಗೆ ನಿರ್ದಿಷ್ಟ ಜಾತಿಯ, ಇಲ್ಲವೇ ಹತ್ತಿರದ ಬಳಗದ ಗಿಡವೇ ಬೇಕು. ತಾನು ಹುಳುವಾಗಿದ್ದಾಗ ಯಾವ ಎಲೆ ತಿಂದು ಬೆಳೆದಿತ್ತೋ ಅಂಥದ್ದೇ ಎಲೆಗೆ ಅದು ಮರಳುತ್ತದೆ. ನಮ್ಮ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದ ಹಾಗೆ.

ಗಿಡವನ್ನು ಅದು ಗುರುತಿಸುವ ಬಗೆಯನ್ನು ನಿಂತು ನೋಡಬೇಕು. ದೂರದಿಂದ ಕಣ್ಣು ಮತ್ತು ವಾಸನೆ ದಾರಿ ತೋರುತ್ತವೆ. ಹತ್ತಿರ ಬಂದ ಮೇಲೆ ಎಲೆಯ ಮೇಲಿಳಿದು ಮುಂಗಾಲುಗಳಿಂದ ಪಟಪಟನೆ ಬಡಿಯುತ್ತದೆ. ಆ ಪಾದಗಳಲ್ಲಿ ರುಚಿ ಗ್ರಹಿಸುವ ಸೂಕ್ಷ್ಮ ರೋಮಗಳಿವೆ. ಎಲೆಯ ರಸಾಯನ ಒಪ್ಪಿಗೆಯಾದರೆ ಹೊಟ್ಟೆಯ ತುದಿಯನ್ನು ಬಾಗಿಸಿ, ಸಾಸಿವೆಗಿಂತ ಚಿಕ್ಕ ಮೊಟ್ಟೆಯೊಂದನ್ನು ಅಂಟಿಸಿ ಹಾರುತ್ತದೆ. ಒಪ್ಪಿಗೆಯಾಗದಿದ್ದರೆ ಪಕ್ಕದ ಗಿಡಕ್ಕೆ ಹೋಗುತ್ತದೆ. ಹೂವಿಲ್ಲದ ಗಿಡದ ಸುತ್ತ ಚಿಟ್ಟೆಯೊಂದು ಎಲೆಯಿಂದ ಎಲೆಗೆ ತಡಕಾಡುತ್ತಿದ್ದರೆ ಅದು ದಾರಿ ತಪ್ಪಿದ್ದಲ್ಲ. ಬಸುರಿ ತವರು ಹುಡುಕುತ್ತಿದ್ದಾಳೆ.

ಈ ನಂಟು ಒಮ್ಮೆ ತಿಳಿಯಿತೆಂದರೆ ಊರಿನ ನಕ್ಷೆಯೇ ಬದಲಾಗುತ್ತದೆ. ಬಸ್‌ನಿಲ್ದಾಣದ ಹಿಂದೆ ಎಕ್ಕದ ಗಿಡವಿದೆಯೇ? ಅಲ್ಲಿ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಇರುತ್ತದೆ. ದೇವಸ್ಥಾನದ ಅಂಗಳದಲ್ಲಿ ಕಣಗಿಲೆ ಇದ್ದರೆ ಎಲೆಯ ಅಡಿಯಲ್ಲಿ ಕಾಮನ್ ಕ್ರೋ ಚಿಟ್ಟೆಯ ಕೋಶ ಬೆಳ್ಳಿಯ ಲೋಲಾಕಿನಂತೆ ತೂಗುತ್ತಿರಬಹುದು. ಶಾಲೆಯ ಕಾಂಪೌಂಡಿನ ಉದ್ದನೆಯ ಅಶೋಕ ಮರಕ್ಕೆ, ಸಂಪಿಗೆಗೆ ಟೇಲ್ಡ್ ಜೇ ಬರುತ್ತದೆ. ಕಕ್ಕೆಗೆ ಕಾಮನ್ ಎಮಿಗ್ರಂಟ್, ಮಾವಿಗೆ ಕಾಮನ್ ಬ್ಯಾರನ್, ಹರಳಿಗೆ ಕಾಮನ್ ಕ್ಯಾಸ್ಟರ್, ಅರಿಶಿನ–ಶುಂಠಿಗೆ ಗ್ರಾಸ್ ಡೀಮನ್. ಮಾವು, ಸಪೋಟಕ್ಕೆ ಪೀಡೆಯೆಂದು ನಾವು ಕಡಿದೊಗೆಯುವ ಬಂದಳಿಕೆಯೂ ಒಬ್ಬಳ ತವರೇ. ಹಳದಿ, ಕೆಂಪು, ಬಿಳಿ ಬಳಿದುಕೊಂಡ ಕಾಮನ್ ಜೆಜೆಬೆಲ್ ಬೆಳೆಯುವುದು ಅದರ ಎಲೆಯಲ್ಲಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ದೇಶದ ಅತಿ ದೊಡ್ಡ ಚಿಟ್ಟೆಗಳಲ್ಲೊಂದು. ಸಹ್ಯಾದ್ರಿಯ ಮರಗಳ ನೆತ್ತಿಯಲ್ಲಿ ಹಕ್ಕಿಯಂತೆ ತೇಲುವ ಈ ಚಿಟ್ಟೆಯ ಬದುಕೆಲ್ಲ ಈಶ್ವರ ಬಳ್ಳಿ ಮತ್ತು ಅದರ ಬಳಗಕ್ಕೆ ಕಟ್ಟುಬಿದ್ದಿದೆ. ಬಳ್ಳಿ ಹೋದರೆ ಚಿಟ್ಟೆಯೂ ಹೋಯಿತು.

ಎಲೆಯನ್ನೇ ಮುಟ್ಟದ ಚಿಟ್ಟೆಯೂ ಇದೆ. ದಾಸವಾಳಕ್ಕೆ ಬೂದಿ ಎರಚಿದಂತೆ ಮುತ್ತುವ ಹಿಟ್ಟು ತಿಗಣೆಗಳನ್ನು ತಿಂದು ಬೆಳೆಯುವ ಏಪ್‌ಫ್ಲೈ ಅದು. ಅದರ ಕೋಶವನ್ನು ಹತ್ತಿರದಿಂದ ನೋಡಿದವರಿಗೆ ಪುಟ್ಟ ಕೋತಿಯ ಮುಖ ಕಂಡು ಬೆರಗಾಗುತ್ತದೆ. ಇನ್ನು ಕೆಲವು ನೀಲಿ ಚಿಟ್ಟೆಗಳ ಹುಳುಗಳು ಮೈಯಿಂದ ಸಿಹಿ ದ್ರವ ಒಸರಿಸಿ ಇರುವೆಗಳನ್ನು ಕಾವಲಿಗೆ ಇಟ್ಟುಕೊಳ್ಳುತ್ತವೆ. ಮಲೆನಾಡಿನಲ್ಲಿ ಚಗಳಿ ಇರುವೆಗಳು ಹಸಿರು ಹುಳುವೊಂದನ್ನು ಮುತ್ತಿಕೊಂಡಿದ್ದರೆ ಅದನ್ನು ಕೊಲ್ಲುತ್ತಿವೆ ಎಂದು ತಿಳಿಯಬೇಡಿ. ಅವು ಓಕ್‌ಬ್ಲೂ ಚಿಟ್ಟೆಯ ಮರಿಯನ್ನು ಕಾಯುತ್ತಿರಬಹುದು.

ಕಾರವಾರದ ಮೂವರು

ಹೀಗೆ ಎಲೆಯನ್ನು ಹಿಡಿದು ಚಿಟ್ಟೆಯನ್ನು ಅರಿಯುವ ಕೆಲಸಕ್ಕೆ ನಮ್ಮ ನೆಲದಲ್ಲೇ ಹಿರಿದಾದ ಹಳೆಯ ಮೇಲ್ಪಂಕ್ತಿಯಿದೆ. ಹತ್ತೊಂಬತ್ತನೇ ಶತಮಾನದ ಕೊನೆ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾರವಾರದಲ್ಲಿ ಮೂವರು ಸರ್ಕಾರಿ ಅಧಿಕಾರಿಗಳು ಜೊತೆಯಾದರು. ಜೇಮ್ಸ್ ಡೇವಿಡ್ಸನ್ ಜಿಲ್ಲೆಯ ಕಲೆಕ್ಟರ್. ಇ.ಎಚ್. ಐಟ್ಕೆನ್ ಸುಂಕ ಮತ್ತು ಉಪ್ಪಿನ ಇಲಾಖೆಯವರು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲೊಬ್ಬರು. ಟಿ.ಆರ್. ಬೆಲ್ ಅರಣ್ಯಾಧಿಕಾರಿ. ಮೂವರಿಗೂ ಕೀಟಶಾಸ್ತ್ರ ನೌಕರಿಯಲ್ಲ, ಬಿಡುವಿನ ಹುಚ್ಚು.

ಆ ಕಾಲದ ಬಹುತೇಕ ಸಂಗ್ರಾಹಕರು ಬಲೆ ಬೀಸಿ, ಹಿಡಿದ ಚಿಟ್ಟೆಗೆ ಸೂಜಿ ಚುಚ್ಚಿ, ರೆಕ್ಕೆಯ ಗೆರೆ ಎಣಿಸುವುದರಲ್ಲಿ ನಿರತರಾಗಿದ್ದರು. ಈ ಮೂವರು ಹುಳುಗಳನ್ನು ಹುಡುಕಿದರು. ಕಾಡಿನಿಂದ ಮೊಟ್ಟೆ, ಮರಿಹುಳು ತಂದು ಸಾಕಿದರು. ಯಾವುದು ಯಾವ ಎಲೆ ತಿನ್ನುತ್ತದೆ, ಎಲೆಯನ್ನು ಹೇಗೆ ಮಡಚಿ ಮನೆ ಮಾಡಿಕೊಳ್ಳುತ್ತದೆ, ಕೋಶ ಎಲ್ಲಿ ಕಟ್ಟುತ್ತದೆ ಎಂದು ಬರೆದಿಟ್ಟರು. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳನ್ನು ಕುರಿತ ಅವರ ದೀರ್ಘ ಬರಹ ಸೊಸೈಟಿಯ ನಿಯತಕಾಲಿಕದಲ್ಲಿ 1896–97ರ ವೇಳೆಗೆ ಪ್ರಕಟವಾಯಿತು. ದಕ್ಷಿಣ ಭಾರತದ ಚಿಟ್ಟೆಗಳ ಆಹಾರ ಸಸ್ಯಗಳ ಪಟ್ಟಿ ಮಾಡುವವರು ಇಂದಿಗೂ ಅಲ್ಲಿಗೆ ಹಿಂತಿರುಗಿ ನೋಡುತ್ತಾರೆ.

ಬೆಲ್ ನಿವೃತ್ತರಾದ ಮೇಲೂ ಊರಿಗೆ ಮರಳಲಿಲ್ಲ. ಕಾರವಾರದಲ್ಲೇ ಉಳಿದು ಪತಂಗಗಳತ್ತ ಹೊರಳಿದರು. ಹದ್ದಿನ ರೆಕ್ಕೆಯಂಥ ಉದ್ದ ರೆಕ್ಕೆಯ ಹಾಕ್‌ಮಾತ್ ಪತಂಗಗಳ ಬಗ್ಗೆ ಎಫ್.ಬಿ. ಸ್ಕಾಟ್ ಜೊತೆ ಅವರು ಬರೆದ ಗ್ರಂಥ 1937ರಲ್ಲಿ ಬಂತು. 1948ರಲ್ಲಿ ಅವರು ತೀರಿಕೊಂಡದ್ದು ಕಾರವಾರದಲ್ಲೇ. ಕ್ಯಾಮೆರಾ ಹಿಡಿದು ಹೊರಡುವ ನಾವು ಅವರಿಂದ ಕಲಿಯಬೇಕಾದದ್ದು ಒಂದಿದೆ. ಚಿಟ್ಟೆಯ ಚಿತ್ರದ ಜೊತೆಗೆ ಅದರ ಗಿಡದ ಚಿತ್ರವೂ ಇರಬೇಕು. ಇಲ್ಲದಿದ್ದರೆ ನಮ್ಮ ಬಳಿ ಇರುವುದು ವಿಳಾಸವಿಲ್ಲದ ಲಕೋಟೆ.

ಒಂದೇ ತಾಯಿ, ಬೇರೆ ಬೇರೆ ವೇಷ

ಕರಿಬೇವಿನ ಗಿಡಕ್ಕೆ ಮತ್ತೆ ಬರೋಣ. ಕಾಮನ್ ಮಾರ್ಮನ್ ಗಂಡು ಎಲ್ಲಿ ನೋಡಿದರೂ ಒಂದೇ ಥರ. ಹೆಣ್ಣು ಹಾಗಲ್ಲ, ಅದಕ್ಕೆ ನಮ್ಮಲ್ಲಿ ಮೂರು ರೂಪ. ಒಂದು ಗಂಡಿನ ಪಡಿಯಚ್ಚು. ಇನ್ನೊಂದು ಕಾಮನ್ ರೋಸ್ ಎಂಬ ಬೇರೆಯೇ ಚಿಟ್ಟೆಯಂತೆ, ಮತ್ತೊಂದು ಕ್ರಿಮ್ಸನ್ ರೋಸ್ ಚಿಟ್ಟೆಯಂತೆ ಕಾಣುತ್ತದೆ. ಈ ಎರಡು ರೋಸ್‌ಗಳು ಈಶ್ವರ ಬಳ್ಳಿಯ ವಿಷವನ್ನು ಹುಳುವಾಗಿದ್ದಾಗಲೇ ಮೈಗೂಡಿಸಿಕೊಂಡಿರುತ್ತವೆ. ಒಮ್ಮೆ ಕಚ್ಚಿ ಬಾಯಿ ಕೆಡಿಸಿಕೊಂಡ ಹಕ್ಕಿ ಆ ಕೆಂಪು–ಕಪ್ಪನ್ನು ಮತ್ತೆ ಮುಟ್ಟುವುದಿಲ್ಲ. ಮಾರ್ಮನ್ ಹೆಣ್ಣಿನ ಮೈಯಲ್ಲಿ ಆ ವಿಷವಿಲ್ಲ. ಕರಿಬೇವು, ನಿಂಬೆ ತಿಂದು ಬೆಳೆದ ಸಾಧು ಜೀವ. ಆದರೂ ವಿಷದವಳ ಸೀರೆಯುಟ್ಟು ಹಕ್ಕಿಯ ಕಣ್ಣು ತಪ್ಪಿಸುತ್ತದೆ.

ಒಂದೇ ತಾಯಿಯ ಹೆಣ್ಣುಮಕ್ಕಳು ಇಷ್ಟು ಬೇರೆಯಾಗುವುದು ಹೇಗೆಂಬ ಪ್ರಶ್ನೆ ನೂರಕ್ಕೂ ಹೆಚ್ಚು ವರ್ಷ ಕಾಡಿತ್ತು. ಅನೇಕ ವಂಶವಾಹಿಗಳು ಒಟ್ಟಿಗೆ ಹೆಣೆದುಕೊಂಡಿರಬೇಕು ಎಂಬ ಊಹೆಯಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ್ ಕುಂಟೆ ಮತ್ತು ಸಂಗಡಿಗರು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಕೀಟದ ಗಂಡು–ಹೆಣ್ಣು ಬೆಳವಣಿಗೆಯನ್ನು ನಿಯಂತ್ರಿಸುವ ‘ಡಬಲ್‌ಸೆಕ್ಸ್’ ಎಂಬ ಒಂದೇ ವಂಶವಾಹಿ ರೆಕ್ಕೆಯ ಈ ವೇಷವನ್ನೂ ನಿರ್ಧರಿಸುತ್ತದೆ. ಜಗತ್ತಿನ ಗಮನ ಸೆಳೆದ ಈ ಸಂಶೋಧನೆಯ ನಾಯಕಿ ನಮ್ಮ ಹಿತ್ತಲಿನ ಕರಿಬೇವಿಗೆ ಬರುವ ಚಿಟ್ಟೆ. ಅದಕ್ಕಾಗಿಯೇ ‘ಸಾಮಾನ್ಯ ಚಿಟ್ಟೆ, ಫೋಟೊ ಬೇಡ’ ಎಂದು ಮುಂದೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ನೆರಳು ಬೀಳದ ಹೆಜ್ಜೆ

ಕ್ಯಾಮೆರಾದ ಮಾತಿಗೆ ಬರೋಣ. ಹವ್ಯಾಸ ಶುರುಮಾಡಲು ಕೈಯಲ್ಲಿರುವ ಮೊಬೈಲ್ ಸಾಕು. ಮುಂದೆ ಮನಸ್ಸಾದರೆ 100 ಮಿ.ಮೀ. ಆಸುಪಾಸಿನ ಮ್ಯಾಕ್ರೋ ಲೆನ್ಸ್ ಕೊಳ್ಳಬಹುದು. ಮೈಮೇಲೆ ಬೀಳದೆ, ಒಂದಡಿ ದೂರದಿಂದಲೇ ರೆಕ್ಕೆಯ ಹುರುಪೆಗಳನ್ನು ಅದು ತೋರಿಸುತ್ತದೆ. ಚಿಟ್ಟೆಯನ್ನು ಮುಟ್ಟಿದಾಗ ಬೆರಳಿಗೆ ಹತ್ತುವ ಹುಡಿ ಈ ಹುರುಪೆಯೇ. ಹೆಂಚಿನ ಮನೆಯ ಮಾಡಿನಂತೆ ಸಾಲುಸಾಲಾಗಿ ಹೊದಿಸಿದ ಹುರುಪೆಗಳಲ್ಲೇ ಅದರ ಬಣ್ಣವೆಲ್ಲ ಇದೆ. ಕಪ್ಪು, ಕಂದು ಬಣ್ಣಗಳು ವರ್ಣದ್ರವ್ಯದಿಂದ ಬಂದವು. ಹೊಳೆಯುವ ನೀಲಿ ಹೆಚ್ಚಾಗಿ ಬಣ್ಣವೇ ಅಲ್ಲ, ಹುರುಪೆಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಆಡುವ ಆಟ. ಕ್ಯಾಮೆರಾದ ಕೋನ ಸ್ವಲ್ಪ ಸರಿದರೆ ನೀಲಿ ಆರಿಹೋಗುವುದು ಇದರಿಂದಲೇ.

ಹೊತ್ತು ಮುಖ್ಯ. ಚಿಟ್ಟೆಯ ಮೈ ತಾನಾಗಿ ಬಿಸಿಯಾಗುವುದಿಲ್ಲ. ಬೆಳಗಿನ ಎಳೆಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತು, ಮೈ ಕಾಯಿಸಿಕೊಂಡ ಮೇಲೇ ಹಾರಾಟ. ಆ ಹೊತ್ತಿನಲ್ಲಿ ಅದು ಕದಲದೆ ಕೂತಿರುತ್ತದೆ, ಬೆಳಕೂ ಮೃದುವಾಗಿರುತ್ತದೆ. ಹತ್ತಿರ ಹೋಗುವಾಗ ಎರಡು ಎಚ್ಚರ ಬೇಕು. ನೆರಳು ಅದರ ಮೇಲೆ ಬೀಳಬಾರದು. ಚಲನೆಯಲ್ಲಿ ಧಾವಂತ ಇರಬಾರದು. ಸಾವಿರಾರು ಮಸೂರಗಳ ಅದರ ಕಣ್ಣು ನಮ್ಮ ಮುಖ ಗುರುತಿಸದಿದ್ದರೂ ಅಲುಗಾಟವನ್ನು ಚೆನ್ನಾಗಿ ಹಿಡಿಯುತ್ತದೆ. ಕುಕ್ಕರಗಾಲಲ್ಲಿ ಕೂತು, ಒಂದು ಹೆಜ್ಜೆ ಇಟ್ಟು, ತಡೆದು, ಮತ್ತೊಂದು ಹೆಜ್ಜೆ ಇಡಬೇಕು.

ಅಷ್ಟು ಸಮೀಪದಲ್ಲಿ ಫೋಕಸ್ ಆಗುವ ಪದರ ಕಾಗದದಷ್ಟು ತೆಳು. ಆದ್ದರಿಂದ ಮಡಚಿದ ರೆಕ್ಕೆಗೆ ಕ್ಯಾಮೆರಾ ಕನ್ನಡಿಯಂತೆ ಸಮಾನಾಂತರವಾಗಿರಬೇಕು. ಆಗ ತುದಿಯಿಂದ ತುದಿಗೆ ಎಲ್ಲವೂ ಸ್ಪಷ್ಟ. ಎಫ್/8 ಅಥವಾ ಎಫ್/11, ಶಟರ್ ಸೆಕೆಂಡಿನ 250ನೇ ಒಂದು ಭಾಗ ಇಲ್ಲವೇ ಇನ್ನೂ ವೇಗ. ರೆಕ್ಕೆಯ ಒಳಮೈ, ಹೊರಮೈ ಎರಡರ ಚಿತ್ರವೂ ಬೇಕು. ಪುಟ್ಟ ನೀಲಿ ಚಿಟ್ಟೆಗಳನ್ನಂತೂ ಅಡಿಭಾಗದ ಚುಕ್ಕೆ, ಗೆರೆಗಳಿಲ್ಲದೆ ಬಲ್ಲವರೂ ಹೆಸರಿಸಲಾರರು. ಮುಸ್ಸಂಜೆಯಲ್ಲಿ ಮನೆಯೊಳಗೆ ನುಗ್ಗುವ ಕಾಮನ್ ಈವ್ನಿಂಗ್ ಬ್ರೌನ್ ಚಿಟ್ಟೆಯನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಸೆರೆಹಿಡಿದು ಪಕ್ಕಪಕ್ಕ ಇಟ್ಟು ನೋಡಿ. ಮಳೆಗಾಲದ್ದರ ರೆಕ್ಕೆಯ ಅಡಿ ತುಂಬ ಕಣ್ಣಿನ ಗುರುತುಗಳು. ಬೇಸಿಗೆಯದ್ದು ಒಣಗಿದ ತರಗೆಲೆ. ಎರಡೂ ಒಂದೇ ಜಾತಿ.

ಹೊಸಬರು ರೆಕ್ಕೆ ಹರಿದ ಚಿಟ್ಟೆಯ ಚಿತ್ರಗಳನ್ನು ಅಳಿಸಿಬಿಡುತ್ತಾರೆ. ನಾನೂ ಹಾಗೆ ಎಷ್ಟೋ ಚಿತ್ರ ಕಳೆದುಕೊಂಡಿದ್ದೇನೆ. ಅನೇಕ ನೀಲಿ ಚಿಟ್ಟೆಗಳ ಹಿಂರೆಕ್ಕೆಯ ತುದಿಯಲ್ಲಿ ಎಳೆಯಂಥ ಬಾಲ, ಪಕ್ಕದಲ್ಲಿ ಕಣ್ಣಿನ ಚುಕ್ಕೆ ಇರುತ್ತದೆ. ಕೂತಾಗ ಆ ಬಾಲವನ್ನು ಮೀಸೆಯಂತೆ ಆಡಿಸುತ್ತಿರುತ್ತದೆ. ಹಕ್ಕಿಯೋ ಹಲ್ಲಿಯೋ ಅದನ್ನೇ ತಲೆ ಎಂದುಕೊಂಡು ಎರಗಿದರೆ ಬಾಯಿಗೆ ಸಿಗುವುದು ರೆಕ್ಕೆಯ ಚೂರು ಮಾತ್ರ. ಹಾಗಾಗಿ ಬಾಲದ ಜಾಗ ಕಿತ್ತುಹೋದ ಚಿಟ್ಟೆ ಕುರೂಪವಲ್ಲ. ಸಾವಿನ ಬಾಯಿಂದ ಪಾರಾಗಿ ಬಂದ ಸಾಕ್ಷಿ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಲ್ಲಾಡದ ಚಿತ್ರ ಸಿಗಲೆಂದು ಚಿಟ್ಟೆಯನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಮರಗಟ್ಟಿಸುವವರಿದ್ದಾರೆ. ರೆಕ್ಕೆಗೆ ನೀರು ಚಿಮುಕಿಸಿ ಇಬ್ಬನಿಯೆನ್ನುವವರಿದ್ದಾರೆ. ಕೋಶವನ್ನು ಕಿತ್ತು ಚಂದದ ಕಡ್ಡಿಗೆ ಅಂಟಿಸುವವರೂ ಇದ್ದಾರೆ. ಕೆಲವೇ ವಾರಗಳ ಬದುಕಿನಲ್ಲಿ ಸಂಗಾತಿ, ಊಟ, ಮೊಟ್ಟೆ ಎಲ್ಲವನ್ನೂ ಮುಗಿಸಬೇಕಾದ ಜೀವದ ಒಂದು ಬೆಳಗನ್ನು ಕಸಿದು ಪಡೆದ ಚಿತ್ರಕ್ಕೆ ಯಾವ ಬಹುಮಾನ ಬಂದರೂ ಅದು ಸುಳ್ಳು ಚಿತ್ರವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹಲವು ಚಿಟ್ಟೆಗಳಿಗೂ ಇದೆ. ಅವುಗಳನ್ನು ಹಿಡಿಯುವುದು, ಮಾರುವುದು ಅಪರಾಧ.

ಕೆಸರಿನಲ್ಲಿ ಸಂತೆ, ಆಕಾಶದಲ್ಲಿ ವಲಸೆ

ಮಲೆನಾಡಿನ ಹಳ್ಳದ ದಂಡೆಯಲ್ಲಿ ಮಳೆ ನಿಂತ ಮೇಲೆ ಹತ್ತಾರು, ಕೆಲವೊಮ್ಮೆ ನೂರಾರು ಚಿಟ್ಟೆಗಳು ಒದ್ದೆ ಮರಳಿಗೆ ಮುತ್ತಿಕೊಂಡಿರುವುದನ್ನು ನೋಡಿರಬಹುದು. ಅವುಗಳಲ್ಲಿ ಹೆಚ್ಚಿನವು ಗಂಡು. ಹೂವಿನ ರಸದಲ್ಲಿ ಸಿಗದ ಸೋಡಿಯಂ ಮುಂತಾದ ಲವಣಗಳನ್ನು ಅವು ಹೀರುತ್ತವೆ, ಕೂಡುವಾಗ ಹೆಣ್ಣಿಗೆ ದಾಟಿಸುತ್ತವೆ. ಅದು ಮೊಟ್ಟೆಗೆ ಪುಷ್ಟಿ. ದನ ನಿಂತ ಜಾಗ, ಸಗಣಿ, ಬೆವರಿದ ನಮ್ಮ ಅಂಗಿಯ ತೋಳು ಯಾವುದನ್ನೂ ಅವು ಬಿಡುವುದಿಲ್ಲ. ಇಲ್ಲಿ ಮೊಣಕಾಲೂರಿ ಅರ್ಧ ಗಂಟೆ ಕೂತರೆ ಇಡೀ ದಿನದ ಅಲೆದಾಟದಲ್ಲಿ ಸಿಗದಷ್ಟು ಜಾತಿಗಳು ಸಿಗುತ್ತವೆ. ಪಶ್ಚಿಮ ಘಟ್ಟದಲ್ಲಿ ಒಟ್ಟು 330ಕ್ಕೂ ಹೆಚ್ಚು ಜಾತಿಯ ಚಿಟ್ಟೆಗಳಿವೆ.

ಮುಂಗಾರಿಗೆ ಮೊದಲು ಬೆಂಗಳೂರಿನ ಟ್ರಾಫಿಕ್ ನಡುವೆಯೇ ಇನ್ನೊಂದು ಮೆರವಣಿಗೆ ನಡೆಯುತ್ತದೆ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದ ಚಿಟ್ಟೆಗಳು ಘಟ್ಟದ ಭಾರಿ ಮಳೆಯಿಂದ ತಪ್ಪಿಸಿಕೊಂಡು ಪೂರ್ವದ ಬಯಲಿಗೆ ಸಾಗುತ್ತವೆ. ಮಳೆಗಾಲ ಮುಗಿದ ಮೇಲೆ ಪಶ್ಚಿಮಕ್ಕೆ ಮರಳುತ್ತವೆ. ಕಟ್ಟಡಗಳ ಮೇಲಿಂದ, ಸಿಗ್ನಲ್‌ನಲ್ಲಿ ನಿಂತ ಬಸ್ಸಿನ ಕಿಟಕಿಯ ಪಕ್ಕದಿಂದ, ಎಲ್ಲವೂ ಒಂದೇ ದಿಕ್ಕಿಗೆ. ಇದಕ್ಕೆ ಕ್ಯಾಮೆರಾ ಬೇಡ. ದಿನಾಂಕ, ಹೊತ್ತು, ಯಾವ ದಿಕ್ಕು, ಹತ್ತು ನಿಮಿಷಕ್ಕೆ ಎಷ್ಟು ಚಿಟ್ಟೆ ಎಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಅಂಥ ಸಾವಿರ ಚೀಟಿಗಳಿಂದಲೇ ವಲಸೆಯ ದಾರಿ ತಿಳಿಯುತ್ತದೆ.

ದೀಪಕ್ಕೆ ಮರುಳಾಗದ ಪತಂಗ

ಕತ್ತಲಾದ ಮೇಲೆ ಹವ್ಯಾಸದ ದೊಡ್ಡ ಪಾಲು ಆರಂಭವಾಗುತ್ತದೆ. ಭಾರತದಲ್ಲಿ ಚಿಟ್ಟೆಗಳು 1,300ಕ್ಕೂ ಹೆಚ್ಚು ಜಾತಿ. ಪತಂಗಗಳು 10,000ಕ್ಕೂ ಮೇಲೆ. ವಂಶವೃಕ್ಷದ ಲೆಕ್ಕದಲ್ಲಿ ಚಿಟ್ಟೆಯೇ ಪತಂಗದ ಒಂದು ಕೊಂಬೆ. ಸುಮಾರು 10 ಕೋಟಿ ವರ್ಷಗಳ ಹಿಂದೆ ಹಗಲಿಗೆ ಹೊರಳಿದ ಪತಂಗಗಳ ಸಂತತಿ ಅದು. ಹಾಗಿರುವಾಗ ಬಿತ್ತನೆ ಕೋಠಿಯವರು ರೇಷ್ಮೆ ಪತಂಗವನ್ನು ‘ರೇಷ್ಮೆ ಚಿಟ್ಟೆ’ ಎಂದೇ ಕರೆಯುವುದರಲ್ಲಿ ತಪ್ಪೇನಿಲ್ಲ. ಎರಡನ್ನೂ ಬೇರ್ಪಡಿಸಿ ನೋಡಬೇಕೆಂದರೆ ಕುಡಿಮೀಸೆ ಗಮನಿಸಿ. ಚಿಟ್ಟೆಯದ್ದು ತುದಿಯಲ್ಲಿ ದಪ್ಪಗಾದ ಬೆಂಕಿಕಡ್ಡಿಯಂತೆ, ಪತಂಗದ್ದು ಸಾಮಾನ್ಯವಾಗಿ ದಾರದಂತೆ ಇಲ್ಲವೇ ಹಕ್ಕಿಯ ಗರಿಯಂತೆ ಇರುತ್ತದೆ.

ಆ ಗರಿಯ ಕೆಲಸವೇನೆಂದು ರೇಷ್ಮೆ ಹುಳುವೇ ತೋರಿಸಿಕೊಟ್ಟಿತು. ಸಾವಿರಾರು ವರ್ಷ ಸಾಕಿದ್ದರಿಂದ ರೇಷ್ಮೆ ಪತಂಗಕ್ಕೆ ಹಾರಲು ಬರುವುದಿಲ್ಲ. ಗಂಡು ರೆಕ್ಕೆ ಬಡಿಯುತ್ತ ನಡೆದೇ ಹೆಣ್ಣನ್ನು ಸೇರುತ್ತದೆ, ವಾಸನೆಯ ಜಾಡಿನಲ್ಲಿ. ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಸುಮಾರು 5 ಲಕ್ಷ ರೇಷ್ಮೆ ಪತಂಗಗಳಿಂದ ಆ ವಾಸನೆಯ ದ್ರವ್ಯವನ್ನು ಬೇರ್ಪಡಿಸಿ 1959ರಲ್ಲಿ ಅದಕ್ಕೆ ‘ಬಾಂಬಿಕಾಲ್’ ಎಂದು ಹೆಸರಿಟ್ಟರು. ಹೀಗೆ ಜಗತ್ತಿನಲ್ಲಿ ಗುರುತಿಸಲಾದ ಮೊದಲ ಫೆರೊಮೋನ್ ಅದೇ. ಇಂದು ತೋಟಗಳಲ್ಲಿ ನೇತಾಡುವ ಮೋಹಕ ಬಲೆಗಳ ವಿದ್ಯೆ ಮೊದಲಾದದ್ದು ಅಲ್ಲಿಂದ.

ಇನ್ನು ದೀಪದ ವಿಷಯ. ಆಸೆಗೆ ಬಲಿಯಾಗುವವನನ್ನು ದೀಪಕ್ಕೆ ಬಿದ್ದ ಪತಂಗಕ್ಕೆ ಹೋಲಿಸುವುದು ನಮ್ಮಲ್ಲಿ ಹಳೆಯ ರೂಢಿ. ಪತಂಗದ ಮೇಲೆ ಹೊರಿಸಿದ ಈ ಆರೋಪ ನಿಜವಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಮತ್ತು ಸಂಗಡಿಗರು ಅತಿವೇಗದ ಕ್ಯಾಮೆರಾಗಳಲ್ಲಿ ಕೀಟಗಳ ಹಾರಾಟವನ್ನು ಸೆರೆಹಿಡಿದು 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೀಟಗಳು ದೀಪದತ್ತ ನೇರವಾಗಿ ಧಾವಿಸುತ್ತಿರಲಿಲ್ಲ, ಬೆನ್ನನ್ನು ಬೆಳಕಿಗೆ ತಿರುಗಿಸುತ್ತಿದ್ದವು. ವಿದ್ಯುತ್ತು ಬರುವ ಮೊದಲಿನ ಕೋಟ್ಯಂತರ ವರ್ಷ ರಾತ್ರಿಯಲ್ಲಿ ಹೆಚ್ಚು ಬೆಳಕಿರುವ ಕಡೆಯೆಂದರೆ ಆಕಾಶವೇ. ಬೆನ್ನು ಬೆಳಕಿನ ಕಡೆಗಿದ್ದರೆ ಮೈ ನೆಟ್ಟಗಿರುತ್ತದೆ ಎಂಬುದು ಹುಟ್ಟಿನಿಂದ ಬಂದ ಲೆಕ್ಕ. ಬೀದಿದೀಪ ಪಕ್ಕದಲ್ಲೋ ಕೆಳಗೋ ಉರಿದಾಗ ಆ ಲೆಕ್ಕ ತಪ್ಪುತ್ತದೆ. ಪತಂಗ ವಾಲುತ್ತದೆ, ಸುತ್ತುತ್ತದೆ, ಮಗುಚಿ ಬೀಳುತ್ತದೆ. ಅದು ಮೋಹಕ್ಕೆ ಬಿದ್ದಿಲ್ಲ, ನಮ್ಮ ದೀಪ ಅದಕ್ಕೆ ಆಕಾಶ ಯಾವುದೆಂದೇ ತಿಳಿಯದಂತೆ ಮಾಡಿದೆ.

ಪತಂಗ ನೋಡುವ ಬಗೆ ಸರಳ. ಒಂದು ಬಿಳಿ ಪಂಚೆಯನ್ನು ಹಗ್ಗಕ್ಕೆ ಹರವಿ ಮುಂದೆ ದೀಪ ಇಟ್ಟರಾಯಿತು. ಅಮಾವಾಸ್ಯೆಯ ಆಸುಪಾಸು, ಗಾಳಿಯಿಲ್ಲದ, ಮಳೆ ಬಿಟ್ಟ ರಾತ್ರಿ ಒಳ್ಳೆಯದು. ಒಂದೆರಡು ಗಂಟೆಯಲ್ಲಿ ಪಂಚೆ ರಂಗಸ್ಥಳವಾಗುತ್ತದೆ. ಮುರಿದ ಕಡ್ಡಿಯಂಥವು, ಕಲ್ಲುಹೂವಿನಂಥವು, ಒಣ ಬಾಳೆಸಿಪ್ಪೆಯಂಥವು. ಅದೃಷ್ಟವಿದ್ದರೆ ತಿಳಿಹಸಿರಿನ, ಉದ್ದ ಬಾಲದ ಚಂದ್ರ ಪತಂಗ. ಘಟ್ಟದಲ್ಲಾದರೆ ಒಂದು ಗೇಣಗಲದ ಅಟ್ಲಾಸ್ ಪತಂಗ. ರೆಕ್ಕೆಯ ತುದಿಯಲ್ಲಿ ಹಾವಿನ ತಲೆ ಬರೆದುಕೊಂಡ ಈ ದೈತ್ಯನಿಗೆ ಉಣ್ಣುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ತಿಂದುಳಿಸಿಕೊಂಡದ್ದರಲ್ಲೇ ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಮುಗಿಯುತ್ತದೆ. ಇಲ್ಲೂ ಬದುಕಿನ ಬಂಡವಾಳ ಎಲೆಯೇ.

ನೋಡಿ ಮುಗಿದೊಡನೆ ದೀಪ ಆರಿಸಬೇಕು. ಪಂಚೆಯನ್ನು ಪೊದೆಯ ಬಳಿ ಮೆಲ್ಲಗೆ ಕೊಡವಿ ಮಡಚಬೇಕು. ಹಾಗೇ ಬಿಟ್ಟರೆ ಬೆಳಗಿನ ಹಕ್ಕಿಗಳಿಗೆ ಅದು ಬಾಳೆಯೆಲೆ ಊಟ. ಪತಂಗಗಳಿಗೆ ಹೊರಗೆ ಕೆಲಸವೂ ಕಾದಿದೆ. ರಾತ್ರಿ ಅರಳುವ ಬಿಳಿಯ, ಘಮಘಮಿಸುವ ಹೂಗಳು ಕಾಯುವುದು ಅವುಗಳನ್ನೇ. ಪಪ್ಪಾಯಿಯ ಹೂವಿಗೂ ಹಾಕ್‌ಮಾತ್ ಪತಂಗಗಳು ಪರಾಗ ಒಯ್ಯುತ್ತವೆ.

ರೈತನ ಕಣ್ಣಲ್ಲಿ

ಇಷ್ಟು ಅಕ್ಕರೆಯಿಂದ ಬರೆಯುವಾಗ ಹೊಲದಲ್ಲಿ ನಿಂತವನ ಮಾತನ್ನು ಮರೆಯಬಾರದು. ಕಲಬುರಗಿಯ ತೊಗರಿಗೆ ಬೀಳುವ ಕಾಯಿಕೊರಕ ಪತಂಗದ ಮರಿ. ದಾಳಿಂಬೆಯ ಹಣ್ಣು ಕೊರೆಯುವುದು ಚಿಟ್ಟೆಯ ಮರಿ. ಮೆಕ್ಕೆಜೋಳವನ್ನು ಸುಳಿಯಲ್ಲೇ ಮುಗಿಸುವ ಅಮೆರಿಕ ಮೂಲದ ಫಾಲ್ ಆರ್ಮಿವರ್ಮ್ ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಬೆಳೆ ಕಳೆದುಕೊಂಡವನಿಗೆ ಹುಳು ಚಂದ ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಬೆಳೆಗೆ ಕಾಟ ಕೊಡುವವು ಸಾವಿರಾರು ಜಾತಿಗಳಲ್ಲಿ ಕೆಲವು ಮಾತ್ರ. ಆ ಕೆಲವನ್ನು ಹತೋಟಿಯಲ್ಲಿಡುವ ಪುಟ್ಟ ಕಣಜಗಳಿವೆ. ಹುಳುವಿನ ಮೈಯೊಳಗೇ ಮೊಟ್ಟೆಯಿಡುವ ಅವು ಔಷಧಿ ಸಿಂಪಡಿಸಿದಾಗ ಎಲ್ಲಕ್ಕಿಂತ ಮೊದಲು ಸಾಯುತ್ತವೆ. ಯಾವ ಹುಳು ಯಾವ ಎಲೆಯಲ್ಲಿದೆ ಎಂದು ಬಲ್ಲವನು ಕೈಯಲ್ಲಿ ಔಷಧಿ ಡಬ್ಬಿ ಹಿಡಿಯುವ ಮುನ್ನ ಒಮ್ಮೆ ಬಗ್ಗಿ ನೋಡುತ್ತಾನೆ. ಈ ಹವ್ಯಾಸ ಕಲಿಸುವುದು ಆ ಬಗ್ಗುವಿಕೆಯನ್ನು.

ಅಂಗಳವಿದ್ದವರು ಒಂದು ಎಕ್ಕ ಉಳಿಸಿಕೊಳ್ಳಿ. ಬೇಲಿಯ ಮೇಲಿನ ಈಶ್ವರ ಬಳ್ಳಿಯನ್ನು ಕಳೆಯೆಂದು ಕೀಳಬೇಡಿ. ಬಾಲ್ಕನಿ ಮಾತ್ರ ಇದ್ದವರಿಗೆ ಕುಂಡದಲ್ಲಿ ಒಂದು ನಿಂಬೆ, ಒಂದು ಕರಿಬೇವು ಸಾಕು. 2006ರಲ್ಲಿ ಬನ್ನೇರುಘಟ್ಟದಲ್ಲಿ ದೇಶದ ಮೊದಲ ಚಿಟ್ಟೆ ಉದ್ಯಾನ ತೆರೆದಾಗ ನಾವೆಲ್ಲ ಟಿಕೆಟ್ ಕೊಂಡು ನೋಡಿಬಂದೆವು. ಅಲ್ಲಿನ ಗುಟ್ಟೂ ಬೇರೇನಲ್ಲ, ಚಿಟ್ಟೆಗೆ ಬೇಕಾದ ಎಲೆಗಳು ಅಲ್ಲಿವೆ.

ನಮ್ಮ ಹಿತ್ತಲಿನಲ್ಲಿ ಈಗ ಎರಡು ಕರಿಬೇವಿನ ಗಿಡ. ಒಂದು ಅಡುಗೆಗೆ. ಇನ್ನೊಂದರ ಎಲೆಗಳೆಲ್ಲ ಅರ್ಧಂಬರ್ಧ, ಅಂಚು ಹರಿದು, ಕೆಲವು ಕಡೆ ಬರೀ ನರ ಉಳಿದು ನಿಂತಿವೆ. ಮೊದಲ ಮಾರ್ಮನ್ ಬಿಟ್ಟುಹೋದ ಖಾಲಿ ಕೋಶ ಬಹಳ ದಿನ ಅದೇ ಎಳೆಯ ಆಸರೆಯಲ್ಲಿ ಕಡ್ಡಿಗೆ ಒರಗಿತ್ತು. ಮನೆಗೆ ಬಂದವರು ಗಿಡಕ್ಕೆ ರೋಗ ಬಂದಿದೆ, ಏನಾದರೂ ಹೊಡೆಸಿ ಎನ್ನುತ್ತಾರೆ. ನಾನು ಏನೂ ಹೇಳದೆ ಒಂದು ಎಸಳನ್ನು ತಿರುವಿ ತೋರಿಸುತ್ತೇನೆ. ಅಡಿಯಲ್ಲಿ ಒಂದು ಹಳದಿ ಮೊಟ್ಟೆ, ಸಾಸಿವೆಗಿಂತ ಚಿಕ್ಕದು. ಅದನ್ನು ನೋಡಲು ಅವರು ಬಗ್ಗುತ್ತಾರೆ. ಒಳಗೆ ಒಗ್ಗರಣೆಯ ಎಣ್ಣೆ ಕಾಯುತ್ತಿರುತ್ತದೆ.